ಸಾಯಬೇಕಾಗಿದ್ದ ಈಸ್ಟು

ನಮ್ಮ ಬೇಕರಿಯ ಫ್ರಿಜ್ಜಿನಲ್ಲಿ ಕೆಟ್ಟ ಪದಾರ್ಥ ಒಂದು ಗಳಿಗೆಯೂ ಇರಕೂಡದು ಎಂಬ ನಿಯಮ ಮಾಡಿದವಳು ನಾನೇ. ನನ್ನ ಗಂಡನಿಗೆ ಇಂಥ ನಿಯಮಗಳಿಲ್ಲ. ಮೊನ್ನೆಯ ಕ್ರೀಮಿಗೆ ಬೆರಳದ್ದಿ ನೆಕ್ಕಿ, ಅನುಮಾನ ಬಂದರೆ ಇನ್ನೊಂದು ಬೆರಳದ್ದಿ ನೆಕ್ಕಿ, "ನಾಳೆಗಂಟ ತಡೀತದೆ ಬುಡು" ಎನ್ನುವ ಸ್ವಭಾವ ಅವರದು. ಹೊಳೆನರಸೀಪುರದಲ್ಲಿ ನಮ್ಮ ಅಂಗಡಿಯ ಕೇಕು ತಿಂದು ಇದುವರೆಗೆ ಯಾರ ಹೊಟ್ಟೆಯೂ ಕೆಟ್ಟಿಲ್ಲ ಎಂದರೆ ಅದಕ್ಕೆ ಕಾರಣ ನನ್ನ ಮೂಗು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ. ಆ ನಿಯಮದಿಂದಲೇ ನನ್ನ ತಂಗಿಯ ಎರಡು ತಿಂಗಳ ಕೆಲಸ ಹಾಳಾಯಿತು. ಹಾಳಾಗಿದೆ ಎಂದು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ಮೊದಲನೆಯದು ತಪ್ಪು, ಎರಡನೆಯದು ಕಳ್ಳತನ ಎಂದು ನಾನೇ ತೀರ್ಮಾನಿಸಿಕೊಂಡಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸು. ಎಂಟಕ್ಕೂ ಮೂರು ತಿಂಗಳು ಹೋಗಿದ್ದೆ. ಬಡತನಕ್ಕೆ ಬಿಟ್ಟೆ ಎಂದರೆ ಕೇಳುವವರಿಗೆ ಚೆನ್ನಾಗಿರುತ್ತದೆ, ಆದರೆ ನಿಜವಲ್ಲ. ಏಳರವರೆಗೆ ಲೆಕ್ಕದಲ್ಲಿ ಬರೀ ಅಂಕಿಗಳಿದ್ದವು. ಎಂಟಕ್ಕೆ ಅಕ್ಷರಗಳೂ ಬಂದು ಸೇರಿಕೊಂಡವು. ಅಕ್ಷರದಿಂದ ಅಕ್ಷರ ಕಳೆಯಿರಿ ಎಂದರು ಮೇಷ್ಟ್ರು. ನಾನು ಚೀಲ ಎತ್ತಿಕೊಂಡು ಅರಕಲಗೂಡಿನ ಮನೆಗೆ ಬಂದುಬಿಟ್ಟೆ. ಅವ್ವ ಎರಡು ದಿನ ಬೈದು ಮೂರನೆಯ ದಿನ ಮುದ್ದೆಯ ಕೋಲು ಕೈಗೆ ಕೊಟ್ಟಳು. ಆಗ ತಂಗಿಗೆ ಮೂರು ವರ್ಷ. ನಾನು ಮೂಲೆಗೆ ಹಾಕಿದ ಚೀಲವನ್ನು ಅವಳು ಎಳೆದುಕೊಂಡು ಓಡಾಡುತ್ತಿದ್ದಳು. ಅಂದು ಹಿಡಿದದ್ದನ್ನು ಇನ್ನೂ ಬಿಟ್ಟಿಲ್ಲ. ಈಗ ಹಾಸನದ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ, ಈಸ್ಟಿನ ಮೇಲೆ.

ಈಸ್ಟು ಎಂದು ಕೇಳಿದ ದಿನ ನನ್ನ ಗಂಡ ನಕ್ಕದ್ದು ಬೀದಿಗೆಲ್ಲ ಕೇಳಿಸಿತು. ಹದಿನೆಂಟು ವರ್ಷದಿಂದ ದಿನಾ ಬೆಳಗ್ಗೆ ನಾವು ಈಸ್ಟು ನೆನೆಹಾಕುತ್ತಿದ್ದೇವೆ, ನಮಗೆ ಯಾರೂ ಡಾಕ್ಟರೇಟು ಕೊಡಲಿಲ್ಲವಲ್ಲ ಎಂದರು. ಅದೇ ಈಸ್ಟೇ ಬಾವ, ನಿಮ್ಮ ಬನ್ನು ಉಬ್ಬಿಸುವ ಜಾತಿಯೇ ನಮ್ಮ ಲ್ಯಾಬಿನಲ್ಲಿರುವುದೂ ಎಂದಳು ತಂಗಿ. ಈ ಮಾತನ್ನು ಅವಳು ಆಡದೇ ಇದ್ದಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿತ್ತು.

ತನ್ನ ಕೆಲಸ ಏನೆಂದು ನನಗೆ ಅರ್ಥವಾಗುವಂತೆ ಅವಳು ಹೇಳಿದ್ದು ಒಂದೇ ಸಲ, ಹೋದ ವರ್ಷ, ಬೇಕರಿಯ ಹಿಂದಿನ ಕೋಣೆಯಲ್ಲಿ ಮೈದಾ ಮೂಟೆಯ ಮೇಲೆ ಕುಳಿತು. ನಾನು ಹರಿದ ಮೂಟೆಯೊಂದನ್ನು ದಬ್ಬಳದಲ್ಲಿ ಹೊಲಿಯುತ್ತಿದ್ದೆ. ಈಸ್ಟಿನ ಒಂದೊಂದು ಕಣದೊಳಗೂ ಡಿಎನ್‌ಎ ಎಂಬ ಉದ್ದನೆಯ ಎಳೆ ಇದೆ, ಅದು ಆಗಾಗ ಹರಿಯುತ್ತಿರುತ್ತದೆ, ಈಸ್ಟು ತನ್ನದೇ ದಬ್ಬಳದಲ್ಲಿ ಅದನ್ನು ಹೊಲಿದುಕೊಳ್ಳುತ್ತದೆ ಎಂದಳು. ದಬ್ಬಳ ಮಾಡುವ ಬಗೆಯನ್ನು ಬರೆದಿಟ್ಟಿರುವ ಜಾಗಕ್ಕೆ ಜೀನು ಎನ್ನುತ್ತಾರೆ. ಕ್ಯಾನ್ಸರಿಗೆ ಕೊಡುವ ಕೆಲವು ಔಷಧಿಗಳು ಮಾಡುವುದು ಈ ಎಳೆಯನ್ನು ಹಾಳುಮಾಡುವ ಕೆಲಸವನ್ನೇ. ದಬ್ಬಳ ಇರುವ ಈಸ್ಟಿಗೆ ಆ ಔಷಧಿ ಹಾಕಿದರೆ ಅದು ಹೊಲಿದುಕೊಂಡು ಬದುಕುತ್ತದೆ. ದಬ್ಬಳದ ಜೀನು ಕೆಟ್ಟಿರುವ ಈಸ್ಟು ಹೊಲಿದುಕೊಳ್ಳಲಾರದೆ ಸಾಯುತ್ತದೆ. ಕೆಲವರ ಗೆಡ್ಡೆಗಳಲ್ಲೂ ಹೀಗೆಯೇ ದಬ್ಬಳ ಕಳೆದುಹೋಗಿರುತ್ತದಂತೆ. ಯಾವ ಜೀನು ಕೆಟ್ಟರೆ ಯಾವ ಔಷಧಿ ನಾಟುತ್ತದೆ ಎಂದು ಈಸ್ಟಿನಲ್ಲಿ ಮೊದಲು ನೋಡಿಕೊಂಡರೆ ಮುಂದಿನವರಿಗೆ ದಾರಿ ಸುಲಭವಂತೆ.

ಆ ಜೀನಿನ ಹೆಸರು ರ‍್ಯಾಡ್ ಎಂದು ಶುರುವಾಗಿ ಕೊನೆಗೊಂದು ನಂಬರು ಇತ್ತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ನನ್ನ ಗಂಡ, ರಾಡು ಕಿತ್ತರೆ ಮನೆಯ ಮೋಲ್ಡೇ ಕುಸಿಯುತ್ತದೆ, ಈಸ್ಟು ಯಾವ ಲೆಕ್ಕ ಎಂದು ತಮಗಾದಷ್ಟು ಅರ್ಥ ಮಾಡಿಕೊಂಡು ಒಲೆಯ ಕಡೆ ಹೋದರು.

ಈ ಬೇಸಿಗೆ ರಜೆಯಲ್ಲಿ ತಂಗಿಯ ಡಿಪಾರ್ಟ್‌ಮೆಂಟಿನ ಫ್ರಿಜ್ಜು ಕೈಕೊಟ್ಟಿತು. ರಿಪೇರಿಗೆ ಅರ್ಜಿ ಬರೆದು, ಅದು ಮೂರು ಮೇಜು ದಾಟಿ, ಸಹಿಯಾಗಿ ಬರುವಷ್ಟರಲ್ಲಿ ಈಸ್ಟಿನ ತಿಥಿಯೇ ಆಗಿರುತ್ತದೆ ಎಂದು ಹೆದರಿ, ತಂಗಿ ಎರಡು ಪುಟ್ಟ ಬಾಟಲಿಗಳನ್ನು ಟಿಫಿನ್ ಡಬ್ಬಿಯಲ್ಲಿ ಐಸಿನ ನಡುವೆ ಇಟ್ಟುಕೊಂಡು ಬಸ್ಸಿನಲ್ಲಿ ನಮ್ಮಲ್ಲಿಗೆ ತಂದಳು. ನಮ್ಮ ಫ್ರಿಜ್ಜಿಗೆ ಇನ್ವರ್ಟರ್ ಇದೆ, ಕರೆಂಟು ಹೋದರೂ ಕ್ರೀಮು ಕರಗುವುದಿಲ್ಲ. ಬಾಟಲಿಗಳು ಬೆರಳುದ್ದ ಇದ್ದವು. ಒಳಗೆ ಓರೆಯಾಗಿ ಗಟ್ಟಿಯಾದ ಜೆಲ್ಲಿ, ಅದರ ಮೇಲೆ ಕೆನೆಬಣ್ಣದ ಒಂದು ಗೀರು. ಒಂದಕ್ಕೆ ಹಸಿರು ಮುಚ್ಚಳ, ಇನ್ನೊಂದಕ್ಕೆ ಕೆಂಪು. ಬೆಣ್ಣೆ ಡಬ್ಬದ ಹಿಂದೆ ಅವನ್ನು ಇಡುತ್ತ ಅವಳು ಹೇಳಿದ್ದು ನನಗೆ ಹಾಗೆಯೇ ನೆನಪಿದೆ.

"ಹಸ್ರುದು ಸರಿಯಾಗಿರೋದು ಕಣಕ್ಕ. ಕೆಂಪುದು ಕೆಟ್ಟಿರೋದು. ಉಷಾರು."

ಜೀನು ಎಂಬ ಮಾತನ್ನು ಅವಳು ನುಂಗಿಕೊಂಡಳು. ದಿನಾ ಲ್ಯಾಬಿನಲ್ಲಿ ಆಡಿ ಆಡಿ ಸವೆದ ಮಾತು. ಅವರಲ್ಲಿ ಕೆಟ್ಟಿರೋದು ಎಂದರೆ ಎಲ್ಲಕ್ಕಿಂತ ಬೆಲೆಬಾಳುವುದು. ಬೇಕರಿಯಲ್ಲಿ ಕೆಟ್ಟಿರೋದು ಎಂದರೆ ಮೋರಿಗೆ ಹೋಗುವುದು. ಇದು ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಕೆಟ್ಟಿದ್ದನ್ನು ಯಾಕೆ ಐಸಿನಲ್ಲಿಟ್ಟು ತಂದಳು ಎಂದು ಒಂದು ಸಲ ಅನ್ನಿಸಿತು. ಓದಿದವರಿಗೆ ಏನನ್ನೂ ಎಸೆಯಲು ಮನಸ್ಸು ಬರುವುದಿಲ್ಲ ಎಂದುಕೊಂಡೆ.

ನಾಲ್ಕನೆಯ ದಿನ ಪಕ್ಕದ ಹೋಟೆಲಿನವರು ಬಂದು, ಫುಡ್ ಇನ್‌ಸ್ಪೆಕ್ಟರ್ ಬರುತ್ತಿದ್ದಾರೆ, ಬಸ್ ಸ್ಟ್ಯಾಂಡಿನ ಹತ್ತಿರ ಜೀಪು ನಿಂತಿದೆ ಎಂದರು. ನಾನು ಫ್ರಿಜ್ಜಿನ ಬಾಗಿಲು ತೆಗೆದೆ. ಹುಳಿ ಬಂದ ಮೊಸರು ಹೋಯಿತು. ಗಂಡ ಯಾರಿಗೂ ಕಾಣದಂತೆ ಹಿಂದಕ್ಕೆ ತಳ್ಳಿಟ್ಟಿದ್ದ ಕ್ರೀಮು ಹೋಯಿತು. ಬೆಣ್ಣೆ ಡಬ್ಬ ಸರಿಸಿದೆ, ಕೆಂಪು ಮುಚ್ಚಳ ಕಂಡಿತು. ಕೆಟ್ಟಿದೆ ಎಂದು ಅವಳೇ ಹೇಳಿದ್ದಾಳಲ್ಲ. ಜೆಲ್ಲಿಯನ್ನು ಸ್ಪೂನಿನ ಹಿಡಿಯಿಂದ ಕೆದಕಿ ಮೋರಿಗೆ ಹಾಕಿದೆ. ಬಾಟಲಿ ಚೆನ್ನಾಗಿತ್ತು, ಎಸೆಯಲು ಮನಸ್ಸಾಗಲಿಲ್ಲ. ಬಿಸಿನೀರಿನಲ್ಲಿ ಸೋಪು ಹಾಕಿ ತೊಳೆದೆ. ವಾಸನೆ ಉಳಿದಿರಬಹುದೆಂದು ಇನ್ನೊಂದು ಸಲ ತೊಳೆದು ಬೋರಲು ಹಾಕಿದೆ. ತಂಗಿಯ ಸಾಮಾನನ್ನು ಇಷ್ಟು ಚೊಕ್ಕಟವಾಗಿ ಯಾರು ನೋಡಿಕೊಳ್ಳುತ್ತಾರೆ ಎಂಬ ಸಮಾಧಾನವೂ ಆಯಿತು.

ಜೀಪು ಯಾರದೋ ಮದುವೆಯದಂತೆ. ಇನ್‌ಸ್ಪೆಕ್ಟರ್ ಅಂದೂ ಬರಲಿಲ್ಲ, ಆಮೇಲೂ ಬರಲಿಲ್ಲ.

ಸಂಜೆ ತಂಗಿಯ ಫೋನು ಬಂತು. ಫ್ರಿಜ್ಜು ರಿಪೇರಿಯಾಯಿತು, ಭಾನುವಾರ ಬಂದು ಬಾಟಲಿ ತೆಗೆದುಕೊಂಡು ಹೋಗುತ್ತೇನೆ ಎಂದಳು. ಆಮೇಲೆ ಕೇಳಿದಳು, "ಕೆಂಪುದು ಭದ್ರವಾಗೈತಾ ಅಕ್ಕ? ಅದೊಂದೇ ಇರೋದು ನನ್ತಾವ. ಮೇಡಂ ದೂರದಿಂದ ತರ್ಸಿದ್ದು."

ನಾನು ಪಾತ್ರೆ ತೊಳೆಯುವ ತೊಟ್ಟಿಯ ಕಡೆ ನೋಡಿದೆ. ಬಾಟಲಿ ಬೋರಲಾಗಿ ಫಳಫಳ ಹೊಳೆಯುತ್ತಿತ್ತು. ಮೈದಾ ಮೂಟೆ, ದಬ್ಬಳ, ಹೋದ ವರ್ಷ ಕೇಳಿದ್ದೆಲ್ಲ ಒಟ್ಟಿಗೆ ನೆನಪಿಗೆ ಬಂತು.

"ಭದ್ರವಾಗೈತೆ ಕಣೆ" ಎಂದೆ.

ಬಾಟಲಿ ಭದ್ರವಾಗಿಯೇ ಇತ್ತು. ಆ ರಾತ್ರಿ ಈ ಮಾತಿನ ನೆರಳಿನಲ್ಲೇ ನಿದ್ದೆ ಮಾಡಿದೆ.

ಬೆಳಗ್ಗೆ ಎದ್ದು ಮಾಡಿದ ಕೆಲಸಕ್ಕೆ ಯಾವ ನೆರಳೂ ಇಲ್ಲ. ಆ ಜೆಲ್ಲಿಯನ್ನು ಕೆದಕಿದಾಗಲೇ ನನ್ನ ಕೈಗೆ ಗೊತ್ತಾಗಿತ್ತು, ಅದು ಚೈನಾ ಗ್ರಾಸು. ಬೇಸಿಗೆಯಲ್ಲಿ ಹಣ್ಣಿನ ಜೆಲ್ಲಿ ಮಾಡಲು ನಾವು ಬಳಸುವುದೂ ಅದನ್ನೇ. ಒಂದು ಚಿಟಿಕೆ ಚೈನಾ ಗ್ರಾಸು, ಆಲೂಗೆಡ್ಡೆ ಬೇಯಿಸಿದ ನೀರು, ಸ್ವಲ್ಪ ಸಕ್ಕರೆ ಸೇರಿಸಿ ಕುದಿಸಿ ಬಾಟಲಿಗೆ ಸುರಿದೆ. ಲಟ್ಟಣಿಗೆಗೆ ಒರಗಿಸಿಟ್ಟರೆ ಓರೆಯಾಗಿ ಗಟ್ಟಿಯಾಯಿತು. ನಮ್ಮ ಪಾಕೆಟ್ಟಿನ ಈಸ್ಟನ್ನು ಉಗುರು ಬೆಚ್ಚಗಿನ ನೀರಿನಲ್ಲಿ ಎಬ್ಬಿಸಿ, ಹಲ್ಲುಕಡ್ಡಿಯಲ್ಲಿ ಅವಳದರಂತೆಯೇ ಒಂದು ಗೀರು ಎಳೆದೆ. ಎರಡು ದಿನ ಒಲೆಯ ಪಕ್ಕದ ಗೂಡಿನಲ್ಲಿಟ್ಟು ಆಮೇಲೆ ಫ್ರಿಜ್ಜಿಗೆ ಹಾಕಿದೆ. ಅದೇ ಜಾತಿ ಎಂದು ಅವಳೇ ಹೇಳಿದ್ದಾಳಲ್ಲ, ಹೆಚ್ಚೆಂದರೆ ಏನಾದೀತು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಭಾನುವಾರ ಬಂದ ತಂಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. ನಾನು ಒರೆಸಿದ ಮೇಜನ್ನೇ ಮತ್ತೆ ಒರೆಸಿದೆ. ಚೆನ್ನಾಗಿ ಬಂದಿದೆಯಲ್ಲ ಅಕ್ಕ, ನಮ್ಮ ಫ್ರಿಜ್ಜಿನಲ್ಲಿದ್ದಾಗ ಇಷ್ಟು ದಪ್ಪ ಇರಲಿಲ್ಲ ಎಂದಳು. ನಿಮ್ಮ ಫ್ರಿಜ್ಜು ಹಳೆಯದು ಎಂದೆ.

ಎರಡು ವಾರ ಕಳೆದ ಮೇಲೆ ಅವಳ ಫೋನುಗಳು ಶುರುವಾದವು.

ಅವಳ ಪರೀಕ್ಷೆ ಹೀಗೆ. ಈಸ್ಟನ್ನು ನೀರಿನಲ್ಲಿ ಕದಡಿ, ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸುತ್ತಾರೆ. ಅದಕ್ಕೆ ಮತ್ತೆ ಒಂಬತ್ತು, ಅದಕ್ಕೆ ಮತ್ತೆ ಒಂಬತ್ತು. ಬಂದ ನೆಂಟರು ಹೆಚ್ಚಾದಂತೆ ಅವ್ವ ಮಜ್ಜಿಗೆಗೆ ನೀರು ಬೆರೆಸುತ್ತ ಹೋಗುತ್ತಿದ್ದಳಲ್ಲ, ಹಾಗೆ. ಆಮೇಲೆ ಗಟ್ಟಿಯಿಂದ ತೆಳುವಿಗೆ ಸಾಲಾಗಿ ಹನಿ ಇಡುತ್ತಾರೆ, ಔಷಧಿ ಇಲ್ಲದ ತಟ್ಟೆಯಲ್ಲೊಂದು ಸಾಲು, ಔಷಧಿ ಬೆರೆಸಿದ ತಟ್ಟೆಯಲ್ಲೊಂದು ಸಾಲು. ಎರಡು ಮೂರು ದಿನ ಬಿಟ್ಟು ಎಲ್ಲಿಯವರೆಗೆ ಬೆಳೆದಿದೆ ಎಂದು ನೋಡುತ್ತಾರೆ. ದಬ್ಬಳ ಕೆಟ್ಟ ಈಸ್ಟು ಔಷಧಿಯ ತಟ್ಟೆಯಲ್ಲಿ ಮೊದಲ ಹನಿಯಲ್ಲೇ ಸಾಯಬೇಕು. ಸಾಯಲಿಲ್ಲ. ಸಾಲಿನ ಕೊನೆಯ ಹನಿಯವರೆಗೂ ದುಂಡುದುಂಡಾಗಿ ಬೆಳೆದು ಕುಳಿತಿತ್ತು.

"ಸಾಯ್ತಿಲ್ಲ ಕಣಕ್ಕ. ಸಾಯ್ಬೇಕು, ಸಾಯ್ತಾನೇ ಇಲ್ಲ" ಎಂದಳು ಫೋನಿನಲ್ಲಿ. ದನಿ ನಡುಗುತ್ತಿತ್ತು. ನಾನು ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ, ಕುಣಿಯುತ್ತಿದ್ದಳು. ಆ ಈಸ್ಟಿನಲ್ಲಿ ತಾನಾಗಿ ಇನ್ನೊಂದು ಜೀನು ಬದಲಾಗಿ, ದಬ್ಬಳವಿಲ್ಲದೆಯೂ ಹೊಲಿಯುವ ಹೊಸ ದಾರಿಯೊಂದನ್ನು ಅದು ಕಂಡುಕೊಂಡಿರಬೇಕಂತೆ. ಅಂಥದ್ದು ಸಿಕ್ಕರೆ ದೊಡ್ಡ ವಿಷಯವಂತೆ. ಔಷಧಿಯ ಪ್ರಮಾಣ ಹೆಚ್ಚಿಸಿ ಇನ್ನೊಂದು ಸಲ ಮಾಡಿದಳು, ಮತ್ತೊಂದು ಸಲ ಮಾಡಿದಳು. ಮೂರು ಸಲವೂ ನಮ್ಮ ಬನ್ನಿನ ಈಸ್ಟು ಅವಳ ಮಾನ ಉಳಿಸಿತು, ಅಥವಾ ಕಳೆಯಿತು. ಮೂರು ವರ್ಷದಿಂದ ಯಾವ ಹಬ್ಬಕ್ಕೂ ನಗದೆ ಬಂದು ಹೋಗುತ್ತಿದ್ದ ಹುಡುಗಿ ದಿನಾ ಫೋನು ಮಾಡಿ ನಗುತ್ತಿದ್ದಳು. ನಾನು ಹೂಂ, ಹೂಂ ಎನ್ನುತ್ತ ಬಿಸ್ಕತ್ತಿನ ಹಿಟ್ಟು ನಾದುತ್ತಿದ್ದೆ. ಪ್ರತಿ ಸಲವೂ ನಾಳೆ ಹೇಳೋಣ ಎಂದುಕೊಳ್ಳುತ್ತಿದ್ದೆ. ನಾಳೆ ಅವಳು ಇನ್ನೂ ಜಾಸ್ತಿ ಖುಷಿಯಾಗಿರುತ್ತಿದ್ದಳು.

ಅರಕಲಗೂಡಿನಲ್ಲಿ ಅವ್ವ ಇದನ್ನು ತನ್ನ ಅಳತೆಗೆ ಹೊಲಿದುಕೊಂಡಳು. ಕಿರಿಮಗಳು ಕ್ಯಾನ್ಸರಿಗೆ ಏನೋ ಕಂಡುಹಿಡಿದಿದ್ದಾಳೆ ಎಂದು ಸಜ್ಜಪ್ಪ ಕರಿದು ಬೀದಿಗೆಲ್ಲ ಹಂಚಿದಳು. ಏನು ಕಂಡುಹಿಡಿದಳು ಎಂದು ಕೇಳಿದವರಿಗೆ, ಸಾಯದೇ ಇರುವುದನ್ನು ಎಂದಳಂತೆ. ಒಂದು ತಿಂಗಳಲ್ಲಿ ತಂಗಿ ಕಾಲೇಜಿನ ದೊಡ್ಡವರ ಮುಂದೆ ನಿಂತು ತನ್ನ ಕೆಲಸ ಹೇಳಬೇಕಾದ ದಿನವೂ ಗೊತ್ತಾಯಿತು. ಅದಕ್ಕೊಂದು ಹೊಸ ಸೀರೆಯನ್ನು ನಾನೇ ತೆಗೆಸಿಕೊಟ್ಟೆ. ಪಾಪ ಮಾಡಿದವರು ಹೀಗೆಯೇ ಸೀರೆ ಕೊಡಿಸುತ್ತಾರೆ.

ಆ ದಿನಕ್ಕೆ ಇನ್ನು ಮೂರು ದಿನ ಇರುವಾಗ ಚನ್ನರಾಯಪಟ್ಟಣಕ್ಕೆ ಹೋದೆ. ಅಲ್ಲಿ ನಮ್ಮ ಸೋದರತ್ತೆ, ಅಪ್ಪನ ತಂಗಿ, ಇದ್ದಾರೆ. ತೆಂಗಿನಕಾಯಿ ವ್ಯಾಪಾರದ ಮನೆ, ಅತ್ತೆಯ ಮಾತೂ ಕಾಯಿ ಒಡೆದ ಹಾಗೆಯೇ. ಅವರಿಗೆ ಕ್ಯಾನ್ಸರಾಗಿ ಹಾಸನದ ಆಸ್ಪತ್ರೆಯಲ್ಲಿ ಮೂರು ವಾರಕ್ಕೊಂದು ಸಲ ಡ್ರಿಪ್ಪು ಹಾಕಿಸಿಕೊಳ್ಳುತ್ತಿದ್ದರು. ವಾಂತಿಯ ನಡುವೆ ನಮ್ಮ ರಸ್ಕು ಮಾತ್ರ ಸೇರುತ್ತದೆ ಎಂದು ನಾನು ಕಟ್ಟಿಕೊಂಡು ಹೋಗುತ್ತಿದ್ದೆ. ಮಾರನೆಯ ದಿನ ಡ್ರಿಪ್ಪಿನ ಸರದಿ. ಎಷ್ಟು ಗಂಟೆಗೆ ಹೊರಡುತ್ತೀರಿ ಎಂದು ಕೇಳಿದೆ.

"ಓಗಾಕಿಲ್ಲ" ಎಂದರು ಅತ್ತೆ, ರಸ್ಕನ್ನು ಕಾಫಿಯಲ್ಲಿ ಅದ್ದುತ್ತ. "ನಿಮ್ಮವ್ವ ಫೋನ್ ಮಾಡಿದ್ಲು. ನಿನ್ ತಂಗಿ ಈಸ್ಟು ಆ ಔಸ್ದಿಗೆ ಸಾಯ್ನಿಲ್ವಂತೆ. ಬನ್ನಿಗಾಕೋ ಉಳಾನೇ ಸಾಯ್ದಿದ್ಮ್ಯಾಲೆ ನನ್ ಗೆಡ್ಡೆ ಸಾಯ್ತದೇನೆ? ಸುಮ್ಕೆ ತಲೆಕೂದ್ಲು ಕಳ್ಕಂಡಿದ್ದಾಯ್ತು."

ಈಸ್ಟಿಗೂ ಅವರ ಗೆಡ್ಡೆಗೂ ನೇರ ಸಂಬಂಧವಿಲ್ಲ, ಡಾಕ್ಟರು ನೋಡುವುದು ಬೇರೆ, ಲ್ಯಾಬಿನವರು ನೋಡುವುದು ಬೇರೆ ಎಂದು ತಂಗಿ ಇದ್ದಿದ್ದರೆ ಬಿಡಿಸಿ ಹೇಳುತ್ತಿದ್ದಳು. ನನಗೆ ಬಿಡಿಸಿ ಹೇಳಲು ಬರುವುದಿಲ್ಲ. ನನಗೆ ಬರುವುದು ಒಂದೇ ಒಂದು ಮಾತಾಗಿತ್ತು.

"ಅತ್ತೆ, ಆ ಈಸ್ಟು ನಂದು. ಅವ್ಳುದನ್ನ ನಾನು ಮೋರಿಗಾಕ್ಬುಟ್ಟೆ."

ಉಳಿದದ್ದನ್ನೂ ಹೇಳಿದೆ, ಸೋಪು, ಚೈನಾ ಗ್ರಾಸು, ಲಟ್ಟಣಿಗೆ ಒಂದನ್ನೂ ಬಿಡದೆ. ಅತ್ತೆ ಕೇಳುತ್ತ ಕೇಳುತ್ತ ಕಾಫಿ ಲೋಟ ಕೆಳಗಿಟ್ಟರು. ಮೊದಲು ಅವರ ಭುಜ ಅಲುಗಿತು, ಆಮೇಲೆ ಮಂಚ ಅಲುಗಿತು. ಕಾಯಿಲೆ ಬಂದ ಮೇಲೆ ಅವರು ಹಾಗೆ ನಕ್ಕದ್ದನ್ನು ಮನೆಯವರು ಕಂಡಿರಲಿಲ್ಲವೆಂದು ಕಾಣುತ್ತದೆ, ಒಳಗಿನಿಂದ ಇಬ್ಬರು ಓಡಿಬಂದರು.

"ಅಂಗಾರೆ ಔಸ್ದಿ ಸರಿಯಾಗೈತೆ ಅನ್ನು" ಎಂದರು ಕಣ್ಣೊರೆಸಿಕೊಂಡು. "ಅವ್ಳಿಗೆ ಯೋಳಿದ್ಯಾ?"

ಇಲ್ಲ ಎಂದೆ.

"ಸರಿ. ನಾನು ನಾಳೀಕೆ ಆಸ್ಪತ್ರೆಗೆ ಓಯ್ತೀನಿ. ನೀನು ಈಗ್ಲೇ ಕಾಲೇಜಿಗೋಗು. ನೀನು ಓಗ್ನಿಲ್ಲ ಅಂದ್ರೆ ನಾನೂ ಓಗಾಕಿಲ್ಲ."

ಕಾಯಿ ಮಂಡಿಯಲ್ಲಿ ಅವರು ವ್ಯಾಪಾರ ಕುದುರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ, ಒಪ್ಪದೆ ಎದ್ದವರು ಯಾರೂ ಇಲ್ಲ. ಹಾಸನದ ಬಸ್ಸು ಹತ್ತಿದೆ. ಶಾಂತಿಗ್ರಾಮ ದಾಟುವವರೆಗೆ ಹೇಗೆ ಹೇಳುವುದೆಂದು ಮನಸ್ಸಿನಲ್ಲೇ ಮಾತು ಜೋಡಿಸಿದೆ. ಶಾಂತಿಗ್ರಾಮ ದಾಟಿದ ಮೇಲೆ ಬಸ್ಸು ಕೆಟ್ಟು ನಿಲ್ಲಲಿ ಎಂದು ಬೇಡಿಕೊಂಡೆ. ಅದು ಒಂದು ನಿಮಿಷ ಮೊದಲೇ ತಲುಪಿತು.

ತಂಗಿ ಬಿಳಿ ಕೋಟು ಹಾಕಿಕೊಂಡು ಖಾಲಿ ಕ್ಲಾಸ್‌ರೂಮಿನಲ್ಲಿ ಗೋಡೆಗೆ ಭಾಷಣ ಒಪ್ಪಿಸುತ್ತಿದ್ದಳು. ನನ್ನನ್ನು ನೋಡಿ, ಊಟ ತಂದೆಯಾ ಅಕ್ಕ ಎಂದಳು. ನಾನು ಬೆಂಚಿನ ಮೇಲೆ ಕುಳಿತು, ಜೋಡಿಸಿದ್ದ ಮಾತೆಲ್ಲ ಮರೆತು, ಹಿಂದುಮುಂದಾಗಿ ಹೇಳಿದೆ. ಲಟ್ಟಣಿಗೆ ಮೊದಲು ಬಂತು, ಮೋರಿ ಕೊನೆಗೆ. ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು.

"ತೊಳೆದ್ಯಾ?" ಎಂದಳು.

"ಊಂ."

"ಸೋಪಾಕಿ?"

"ಎರಡು ಸಲ" ಎಂದೆ. ಸುಳ್ಳು ಹೇಳುವ ಕಾಲ ಮುಗಿದಿತ್ತು.

ಅವಳು ಬೋರ್ಡಿನ ಕೆಳಗಿನ ಕಟ್ಟೆಯ ಮೇಲೆ ಕುಳಿತಳು. ಬೈಯುತ್ತಾಳೆ ಎಂದು ಕಾದೆ. ನನ್ನ ಮುಖ ನೋಡದೆ ಹೇಳಿದಳು:

"ಎಸ್ದಿದ್ಕಲ್ಲ ಕಣಕ್ಕ. ನಾನು ದಿನಾ ಫೋನ್ ಮಾಡಿ ಕುಣೀತಿದ್ನಲ್ಲ. ನೀನು ಊಂ ಅನ್ಕಂಡ್ ಕೇಳ್ತಿದ್ಯಲ್ಲ."

ಆಮೇಲೆ ಎದ್ದು ಮೇಡಂ ಕೋಣೆಯ ಕಡೆ ನಡೆದಳು, ನಾನೂ ಹಿಂದೆಯೇ ಹೋದೆ.

ಅವಳ ಗೈಡ್ ಮೇಡಂ ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಹುಡುಕುವಂಥವರು, ಆದರೆ ಉಳಿದ ಯಾವುದೂ ಅವರ ಕಣ್ಣು ತಪ್ಪುವುದಿಲ್ಲ. ನನ್ನ ಕಥೆಯನ್ನು ಪೂರ್ತಿ ಕೇಳಿ, ನನ್ನನ್ನು ಬಿಟ್ಟು ತಂಗಿಯನ್ನೇ ಹಿಡಿದರು. ಅಸಲಿ ಈಸ್ಟಿನಲ್ಲಿ ಕೆಟ್ಟ ಜೀನಿನ ಜಾಗದಲ್ಲಿ ಒಂದು ಗುರುತು ಸೇರಿಸಿರುತ್ತಾರಂತೆ. ಆ ಗುರುತಿರುವ ಈಸ್ಟು ಒಂದು ಬಗೆಯ ಆಂಟಿಬಯಾಟಿಕ್ ಹಾಕಿದ ತಟ್ಟೆಯಲ್ಲೂ ಬೆಳೆಯುತ್ತದೆ, ಬೇಕರಿಯದು ಬೆಳೆಯುವುದಿಲ್ಲ. ಇಷ್ಟು ದೊಡ್ಡ ಫಲಿತಾಂಶ ಬಂದ ಮೇಲೆ ಮೊದಲು ಅದನ್ನು ನೋಡಬೇಕು ತಾನೇ, ಯಾಕೆ ನೋಡಲಿಲ್ಲ ಎಂದು ಕೇಳಿದರು. ತಂಗಿ ಮೆಲ್ಲಗೆ, ಜನವರಿಯಲ್ಲಿ ನೋಡಿದ್ದೆ, ಆಮೇಲೆ ಅಕ್ಕನ ಫ್ರಿಜ್ಜಿನಲ್ಲಿತ್ತಲ್ಲ ಮೇಡಂ ಎಂದಳು. ನೆಲ ಬಿರಿದರೆ ಒಳಗೆ ಹೋಗೋಣ ಎನ್ನಿಸಿತು. ಬಿರಿಯಲಿಲ್ಲ, ಹೊಸ ಗ್ರಾನೈಟು.

ಆಮೇಲೆ ನೋಟ್‌ಬುಕ್ಕು ಬಂತು. ಅವರಲ್ಲಿ ಒಂದು ಕಟ್ಟುಪಾಡಿದೆ. ತಪ್ಪಾಯಿತೆಂದು ಹಾಳೆ ಹರಿಯುವ ಹಾಗಿಲ್ಲ, ರಬ್ಬರಿನಲ್ಲಿ ಅಳಿಸುವ ಹಾಗಿಲ್ಲ. ಓದಲು ಬರುವಂತೆ ಒಂದೇ ಗೀಟು ಎಳೆದು, ಪಕ್ಕದಲ್ಲಿ ಏನಾಯಿತೆಂದು ಬರೆದು, ತಾರೀಖು ಹಾಕಿ ಸಹಿ ಮಾಡಬೇಕು. ಮಾಡಿದವರೇ ಬರೆಯಬೇಕು. ಮೇಡಂ ಪೆನ್ನನ್ನು ನನ್ನ ಮುಂದಿಟ್ಟರು. ಹಾಲಿನ ಲೆಕ್ಕ ಬಿಟ್ಟು ನಾನು ಏನನ್ನೂ ಬರೆದು ವರ್ಷಗಳಾಗಿದ್ದವು. ಏಳು ಸಾಲು ಬರೆದೆ. 'ಚಿಟಿಕೆ' ಎಂಬಲ್ಲಿ ಮೇಡಂ ತಡೆದರು.

"ಒಂದು ಚಿಟಿಕೆ ಅಂದ್ರೆ ಎಷ್ಟು ಗ್ರಾಂ ಅಮ್ಮಾ?"

ಚಿಟಿಕೆ ಎಂದರೆ ಚಿಟಿಕೆ ಎಂದೆ. ಅವರು ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯ ಮುಂದೆ ನನ್ನನ್ನು ನಿಲ್ಲಿಸಿ ಚೈನಾ ಗ್ರಾಸಿನ ಪುಡಿ ಕೊಟ್ಟರು. ಒಂದು ಚಿಟಿಕೆ ಹಾಕಿದೆ, ಬರೆದುಕೊಂಡರು. ಇನ್ನೊಂದು ಹಾಕಿಸಿದರು, ಮತ್ತೊಂದು ಹಾಕಿಸಿದರು. ಮೂರೂ ಹೆಚ್ಚುಕಡಿಮೆ ಒಂದೇ ಬಂತು. ನಮ್ಮ ಹುಡುಗರ ಕೈ ಇಷ್ಟು ಸಮ ಇರುವುದಿಲ್ಲ ಎಂದರು ಮೇಡಂ. ನನ್ನ ಮುಖ ಅರಳಿತು. ತಂಗಿಯ ಮುಖ ನೋಡಿದೆ, ಅರಳಿದ್ದನ್ನು ವಾಪಸು ಮುಚ್ಚಿಕೊಂಡೆ.

ದೊಡ್ಡವರ ಮುಂದೆ ನಿಲ್ಲಬೇಕಿದ್ದ ಆ ದಿನ ತಂಗಿ ಹೊಸ ಸೀರೆ ಉಡಲಿಲ್ಲ. ಅಸಲಿ ಈಸ್ಟು ಮತ್ತೆ ಬರುವವರೆಗೆ ಭಾಷಣ ಮುಂದಕ್ಕೆ ಹೋಯಿತು. ಒಂದು ತಿಂಗಳು ನನಗೆ ಫೋನು ಮಾಡಲಿಲ್ಲ. ಏನಾದರೂ ಹೇಳಬೇಕಾದರೆ ಬಾವನಿಗೆ ಮಾಡುತ್ತಿದ್ದಳು, ಅವರು ತಮಗೆ ತಿಳಿದಂತೆ ನನಗೆ ತಲುಪಿಸುತ್ತಿದ್ದರು. ಈಸ್ಟು ವಿಮಾನದಲ್ಲಿ ಬಂದಿದೆಯಂತೆ, ಅದಕ್ಕೆ ಸುಸ್ತಂತೆ, ಗ್ಲೂಕೋಸು ಕೊಡುತ್ತಿದ್ದಾರಂತೆ ಎಂದರು ಒಂದು ದಿನ. ಅವ್ವನಿಗೆ ವಿಷಯ ತಿಳಿಸಿದವಳು ನಾನೇ. ಹಂಚಿದ ಸಜ್ಜಪ್ಪ ವಾಪಸು ಕೇಳಲಾಗುತ್ತದೇನೆ ಎಂದು ಅವಳು ಅಷ್ಟೇ ಅಂದಳು, ಅದು ಬೈಗುಳಕ್ಕಿಂತ ಜೋರಾಗಿತ್ತು. ಅತ್ತೆ ಮಾತ್ರ ಮಾತು ಉಳಿಸಿಕೊಂಡು ಡ್ರಿಪ್ಪು ಹಾಕಿಸಿಕೊಂಡು ಬಂದಿದ್ದರು. ಆಮೇಲಿನದೂ ತಪ್ಪಿಸಲಿಲ್ಲ. ಪಕ್ಕದ ಮಂಚದವರಿಗೆಲ್ಲ ನನ್ನ ಕಥೆ ಹೇಳಿದ್ದಾರಂತೆ, ಆ ವಾರ್ಡಿನಲ್ಲಿ ನಾನು ಈಗ ಹೆಸರುವಾಸಿ.

ಒಂದು ಬೆಳಗ್ಗೆ, ಬನ್ನಿನ ಹಿಟ್ಟು ಉಬ್ಬಲು ಇಟ್ಟಿದ್ದ ಹೊತ್ತಿನಲ್ಲಿ, ನನ್ನ ಫೋನು ಬಡಿದುಕೊಂಡಿತು. ತಂಗಿ. ಕೈಯೆಲ್ಲ ಹಿಟ್ಟಾಗಿತ್ತು, ಸ್ಪೀಕರಿಗೆ ಹಾಕಿದೆ.

"ಬೆಳ್ದಿಲ್ಲ ಕಣಕ್ಕ" ಎಂದಳು. "ಒಂದು ಹನೀಲೂ ಬೆಳ್ದಿಲ್ಲ. ಎಲ್ಲಾ ಸತ್ತೈತೆ."

ದೇವರೇ, ಒಳ್ಳೆಯದಾಯಿತು ಎಂದು ನಾನು ನೆಲದ ಮೇಲೆಯೇ ಕುಳಿತೆ. ಒಲೆಯ ಹತ್ತಿರ ಇದ್ದ ನನ್ನ ಗಂಡನಿಗೆ ಬೆಳೆದಿಲ್ಲ, ಸತ್ತಿದೆ ಎಂಬುದಷ್ಟೇ ಕೇಳಿಸಿತ್ತು. ಇವತ್ತಿನ ಹಿಟ್ಟು ಉಬ್ಬಿಲ್ಲ ಎಂದುಕೊಂಡು, ಪರಾತದ ಮೇಲಿನ ಬಟ್ಟೆ ಕಿತ್ತೆಸೆದು, ಉಬ್ಬಿ ಅಂಚು ಮುಟ್ಟಿದ್ದ ಹಿಟ್ಟಿಗೆ ಇನ್ನೊಂದು ಪಾಕೆಟ್ಟು ಈಸ್ಟು ಸುರಿದುಬಿಟ್ಟರು. ಆ ದಿನದ ಬನ್ನುಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ದೊಡ್ಡ ಬನ್ನಾದವು. ಫೋನಿನಲ್ಲಿ ತಂಗಿಗೆ ಅದನ್ನು ಹೇಳಿದಾಗ ನಕ್ಕಳು. ನನ್ನ ಜೊತೆ ನಕ್ಕದ್ದಲ್ಲ, ಬಾವನಿಗೆ ನಕ್ಕದ್ದು. ಆದರೂ ಕೇಳಿಸಿಕೊಂಡೆ.

ಸತ್ತದ್ದು ಸರಿಯಾಯಿತು, ಆದರೆ ಸಾಯುತ್ತದೆ ಎಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಎಷ್ಟು ಔಷಧಿಗೆ, ಎಷ್ಟು ಬೇಗ ಎಂಬುದೇ ಅವಳ ಕೆಲಸ, ಅದರಲ್ಲಿ ಕುಣಿಯುವಂಥದ್ದು ಏನೂ ಇಲ್ಲ. ಆ ಎರಡು ತಿಂಗಳ ಖುಷಿಯಷ್ಟು ಖುಷಿ ಅವಳಿಗೆ ಇನ್ನೊಮ್ಮೆ ಯಾವಾಗ ಬರುತ್ತದೋ ಗೊತ್ತಿಲ್ಲ. ಅದನ್ನು ಕೊಟ್ಟವಳೂ ನಾನು, ಕಿತ್ತುಕೊಂಡವಳೂ ನಾನು.

ಕೊಟ್ಟ ಕಾಲದೊಳಗೆ ಕೆಲಸ ಮುಗಿಯುವುದಿಲ್ಲವೆಂದು ಹೋದ ವಾರ ಅವಳು ಹೆಚ್ಚಿನ ಸಮಯಕ್ಕೆ ಅರ್ಜಿ ಹಾಕಬೇಕಾಯಿತು. ನಾನೂ ಹಾಸನಕ್ಕೆ ಹೋಗಿದ್ದೆ. ಬಾ ಎಂದು ಅವಳು ಕರೆದಿರಲಿಲ್ಲ, ಬೇಡ ಎನ್ನಲೂ ಇಲ್ಲ. ಆಫೀಸಿನ ಕಿಟಕಿಯ ಮುಂದೆ ನಿಂತು ಫಾರಂ ತುಂಬಿದಳು. ವಿಳಂಬಕ್ಕೆ ಕಾರಣ ಎಂಬಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆಮೇಲೆ 'ಕೌಟುಂಬಿಕ' ಎಂದು ಬರೆದು ಒಳಗೆ ಕೊಟ್ಟಳು.

ಗುಮಾಸ್ತರು ವಯಸ್ಸಾದವರು, ಮೆತ್ತನೆಯ ಮನಸ್ಸಿನವರು. ಫಾರಂ ಓದಿ ತಲೆಯೆತ್ತಿದರು.

"ಯಾರಿಗಮ್ಮಾ, ಏನಾಗಿತ್ತು?"

"ಅಕ್ಕನಿಗೆ ಸಾ."

"ಅಯ್ಯೋ ಪಾಪ. ಈಗ ಹೆಂಗವ್ರೆ?"

ತಂಗಿ ತಿರುಗಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಂದು ಸಲ ನೋಡಿದಳು. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ.

"ಪರ್ವಾಗಿಲ್ಲ ಸಾ" ಎಂದಳು. "ವಸಿ ವಸಿ ಸುದಾರಿಸ್ತಾ ಅವ್ಳೆ."